ಹಳೆಯ ಕಾರಿನ ಹಠಮಾರಿ ಹಬ್ ನಟ್: ಬಿಚ್ಚುವ ಮತ್ತು ಮರಳಿ ಕೂರಿಸುವ ಕ್ರಮ

ಚಕ್ರದ ನಟ್ಟುಗಳ ನಡುವೆ, ತಗಡಿನ ಅಥವಾ ಪ್ಲಾಸ್ಟಿಕ್ಕಿನ ಪುಟ್ಟ ಮುಚ್ಚಳದ ಹಿಂದೆ ಕುಳಿತಿರುವ ದೊಡ್ಡ ನಟ್ಟೇ ಹಬ್ ನಟ್ (ಹಬ್ ಎಂದರೆ ಚಕ್ರ ಕೂರುವ ನಡುಭಾಗ). ಬೇರಿಂಗ್ ಬದಲಾಯಿಸಲು, ಎಂಜಿನ್ನಿನ ಬಲವನ್ನು ಚಕ್ರಕ್ಕೆ ತಲುಪಿಸುವ ಡ್ರೈವ್ ಶಾಫ್ಟ್ ಹೊರತೆಗೆಯಲು, ಕೆಲವು ಕಾರುಗಳಲ್ಲಿ ಹಿಂದಿನ ಬ್ರೇಕ್ ಡ್ರಮ್ ಕಳಚಲು ಸಹ ಮೊದಲು ಇದು ಸಡಿಲವಾಗಬೇಕು. ಚಕ್ರದ ನಟ್ಟಿಗೆ ಸಾಮಾನ್ಯವಾಗಿ 100 ನ್ಯೂಟನ್-ಮೀಟರ್ (ತಿರುಗಿಸುವ ಬಲದ ಅಳತೆ) ಆಸುಪಾಸಿನ ಬಿಗಿತ ಸಾಕಾದರೆ, ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ ಹಿಂದಿನ ಹಬ್ಬಿನ 36 ಮಿ.ಮೀ. ನಟ್ಟಿಗೆ ಸುಮಾರು 300 ನ್ಯೂಟನ್-ಮೀಟರ್ ಬೇಕು. ಅದರ ಮೇಲೆ ಹಲವು ವರ್ಷಗಳ ನೀರು, ಕೆಸರು, ತುಕ್ಕು ಸೇರಿದರೆ ಬಿಚ್ಚಲು ಬೇಕಾಗುವ ಬಲ ಇನ್ನೂ ಹೆಚ್ಚುತ್ತದೆ. ಹಾಗೆಂದು ಇದು ತೋಳ್ಬಲದ ಕೆಲಸವಲ್ಲ. ನಟ್ಟನ್ನು ಯಾವುದು ಹಿಡಿದಿಟ್ಟಿದೆ ಎಂಬುದನ್ನು ಮೊದಲು ಕಂಡುಕೊಂಡವರಿಗೆ ಅರ್ಧ ಕೆಲಸ ಮುಗಿದಂತೆಯೇ.

ಹಿಡಿದಿಡುವ ವಿಧಾನಗಳು ಮುಖ್ಯವಾಗಿ ಮೂರು. ಕೋಟೆಯ ತೆನೆಗಳಂತೆ ಮೇಲಂಚು ಸೀಳಿರುವ ನಟ್ಟಿಗೆ ಸ್ಪ್ಲಿಟ್ ಪಿನ್ (ಎರಡು ಕಾಲುಗಳ ತಂತಿ ಪಿನ್ನು) ಅಡ್ಡಲಾಗಿರುತ್ತದೆ. ಮತ್ತೊಂದು ಬಗೆಯಲ್ಲಿ ನಟ್ಟಿನ ತೆಳು ಕುತ್ತಿಗೆಯನ್ನು ಶಾಫ್ಟಿನ ತೋಡಿನೊಳಕ್ಕೆ ಬಡಿದು ಮಡಿಸಿರುತ್ತಾರೆ. ಮೂರನೆಯದರಲ್ಲಿ ನಟ್ಟಿನೊಳಗಿನ ನೈಲಾನ್ ಉಂಗುರವೋ ಅದರ ಸೊಟ್ಟಗಾದ ತುದಿಯೋ ಥ್ರೆಡ್ಡನ್ನು ಕಚ್ಚಿ ಹಿಡಿಯುತ್ತದೆ. ತುಕ್ಕು ಹಿಡಿದ ಸ್ಪ್ಲಿಟ್ ಪಿನ್ನಿನ ತುದಿಗಳು ಮುರಿದು, ಉಳಿದ ಚೂರು ರಂಧ್ರದಲ್ಲೇ ಸಿಕ್ಕಿಕೊಳ್ಳುವುದು ಸಾಮಾನ್ಯ. ಅದನ್ನು ಸಣ್ಣ ಪಂಚಿನಿಂದ ತಟ್ಟಿ ಪೂರ್ತಿ ಹೊರಹಾಕಬೇಕು. ಮಡಿಸಿದ ಕುತ್ತಿಗೆಯನ್ನು ಕಿರಿದಾದ ಉಳಿಯಿಂದ ಮೇಲೆತ್ತಬೇಕು, ಆದರೆ ಉಳಿಯ ಮೊನೆ ಶಾಫ್ಟಿನ ಥ್ರೆಡ್ಡಿಗೆ ತಾಗಬಾರದು. ನಾನು ಒಮ್ಮೆ ಈ ಮಡಿಕೆಯ ಮೇಲಿನ ಗ್ರೀಸು ಒರೆಸದೆ, ಅದು ಇರುವುದನ್ನೇ ಗಮನಿಸದೆ, ಒಂದು ಮಧ್ಯಾಹ್ನವೆಲ್ಲ ಹಿಡಿಕೆಯೊಂದಿಗೆ ಗುದ್ದಾಡಿದ್ದೇನೆ. ಕೊನೆಗೆ ನಟ್ ತಿರುಗಿತು, ಶಾಫ್ಟಿನ ಮೊದಲ ಎರಡು ಸುತ್ತಿನ ಥ್ರೆಡ್ಡನ್ನೂ ಕಿತ್ತುಕೊಂಡೇ ಬಂತು.

ನಟ್ ಯಾವ ದಿಕ್ಕಿಗೆ ಸಡಿಲವಾಗುತ್ತದೆ ಎಂಬುದನ್ನೂ ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಬಹುತೇಕ ಕಾರುಗಳಲ್ಲಿ ಅದು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕು. ಆದರೆ ಬೀಟಲ್‌ನ ಎಡ ಮುಂಚಕ್ರದಂಥ ಕಡೆ ಎಡಗೈ ಥ್ರೆಡ್ ಇದ್ದು, ಅಭ್ಯಾಸಬಲದಿಂದ ತಿರುಗಿಸಿದರೆ ನಟ್ ಇನ್ನಷ್ಟು ಬಿಗಿಯುತ್ತದೆ. ಹೊರಗೆ ಕಾಣುವ ಥ್ರೆಡ್ಡನ್ನು ತಂತಿ ಬ್ರಷ್ಷಿನಿಂದ ಉಜ್ಜಿದರೆ ಅದರ ಓಟ ಯಾವ ಕಡೆಗೆ ಎಂಬುದು ಕಣ್ಣಿಗೇ ಕಾಣುತ್ತದೆ. ಹಾಗೆ ಉಜ್ಜಿದ ಮೇಲೆ ತುಕ್ಕು ಸಡಿಲಿಸುವ ತೆಳು ಎಣ್ಣೆಯನ್ನು ನಟ್ಟಿನ ಬುಡಕ್ಕೆ ಇಳಿಯುವಂತೆ ಹಾಕಿ, ಸಾಧ್ಯವಾದರೆ ಒಂದು ರಾತ್ರಿ ಬಿಡಬೇಕು. ಆ ಎಣ್ಣೆ ಬ್ರೇಕ್ ಡಿಸ್ಕಿಗೋ ಲೈನಿಂಗಿಗೋ ಸಿಡಿಯದಂತೆ ಬಟ್ಟೆ ಅಡ್ಡ ಹಿಡಿಯುವುದು ಅಗತ್ಯ.

ನಟ್ಟನ್ನು ಮೊದಲ ಬಾರಿ ಅಲುಗಾಡಿಸುವಾಗ ಕಾರು ನೆಲದ ಮೇಲೆಯೇ ಇರಬೇಕು. ಜ್ಯಾಕಿನ ಮೇಲೆ ನಿಂತ ಕಾರಿಗೆ ಇಷ್ಟು ಬಲ ಹಾಕಿದರೆ ಅದು ಉರುಳಿ ಬೀಳುವ ಅಪಾಯ ನಿಜವಾದದ್ದು. ಹ್ಯಾಂಡ್ ಬ್ರೇಕ್ ಎಳೆದು, ಗೇರ್ ಹಾಕಿ, ಉಳಿದ ಚಕ್ರಗಳಿಗೆ ಮುಂದೆ ಹಿಂದೆ ಮರದ ತುಂಡು ಕೊಟ್ಟು, ಇನ್ನೊಬ್ಬರು ಬ್ರೇಕ್ ಪೆಡಲ್ ಒತ್ತಿ ಹಿಡಿದಿರುವಾಗ, ಚಕ್ರದ ನಡುವಿನ ತೂತಿನ ಮೂಲಕ ಸಾಕೆಟ್ ಕೂರಿಸಬೇಕು. ಚಕ್ರಕ್ಕೆ ಅಂಥ ತೂತಿಲ್ಲದಿದ್ದರೆ ತೂತಿರುವ ಬೇರೊಂದು ಚಕ್ರವನ್ನು ತಾತ್ಕಾಲಿಕವಾಗಿ ಹಾಕಿಕೊಳ್ಳಬಹುದು.

ಸಾಕೆಟ್ ಆರು ಮೂಲೆಯದಾಗಿರಲಿ, ಹಿಡಿಕೆ ಕೂರಲು ಮುಕ್ಕಾಲು ಇಂಚಿನ ಚೌಕವುಳ್ಳದ್ದಾಗಿರಲಿ. ಅರ್ಧ ಇಂಚಿನ ರ‍್ಯಾಚೆಟ್ಟಿಗೆ ಪೈಪು ಸಿಕ್ಕಿಸಿ ಎಳೆದರೆ ಒಳಗಿನ ಹಲ್ಲುಗಳು ಮುರಿಯುವುದು ಹೆಚ್ಚುಕಡಿಮೆ ಖಚಿತ. ಇದಕ್ಕೆ ಬೇಕಾದದ್ದು ಹಲ್ಲುಗಳಿಲ್ಲದ ಉದ್ದ ಬ್ರೇಕರ್ ಬಾರ್. ಒಂದು ಮೀಟರ್ ಉದ್ದದ ಹಿಡಿಕೆಯ ತುದಿಯಲ್ಲಿ 70 ಕಿಲೋ ತೂಕ ಬಿದ್ದರೆ ನಟ್ಟಿನ ಮೇಲೆ ಸುಮಾರು 690 ನ್ಯೂಟನ್-ಮೀಟರ್ ಬೀಳುತ್ತದೆ, ಹೆಚ್ಚಿನ ನಟ್ಟುಗಳಿಗೆ ಅಷ್ಟು ಸಾಕು. ಸಾಕೆಟ್ಟಿನ ಬಳಿ ಹಿಡಿಕೆಗೆ ಗಟ್ಟಿಯಾದ ಆಸರೆ ಕೊಟ್ಟರೆ ಅದು ಓರೆಯಾಗಿ ಜಾರುವುದಿಲ್ಲ. ಹಿಡಿಕೆಯ ಮೇಲೆ ಕುಣಿಯುವುದಕ್ಕಿಂತ ನಿಧಾನವಾಗಿ ಭಾರ ಹೇರುವುದು ಕ್ಷೇಮ, ಏಕೆಂದರೆ ನಟ್ ಕಳಚಿಕೊಳ್ಳುವುದು ಯಾವಾಗಲೂ ಹಠಾತ್ತಾಗಿ.

ಅಷ್ಟಕ್ಕೂ ಅದು ಕದಲದಿದ್ದರೆ, ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಲು ಯತ್ನಿಸಿ, ಮತ್ತೆ ಬಿಚ್ಚುವ ದಿಕ್ಕಿಗೆ ಎಳೆದು, ನಡುನಡುವೆ ಎಣ್ಣೆ ಹಾಕುತ್ತ ಹೋಗಬೇಕು. ಇಂಪ್ಯಾಕ್ಟ್ ಗನ್ನಿನ ಸಣ್ಣ ಸಣ್ಣ ಹೊಡೆತಗಳು ತುಕ್ಕನ್ನು ಒಡೆಯುವುದರಲ್ಲಿ ಹಿಡಿಕೆಗಿಂತ ಮೇಲು. ಬೆಂಕಿ ಕೊಡುವುದನ್ನು ನಾನು ಕಡೆಯ ಉಪಾಯವೆಂದೇ ಎಣಿಸುತ್ತೇನೆ: ಪಕ್ಕದಲ್ಲೇ ಗ್ರೀಸು, ರಬ್ಬರ್ ಸೀಲು, ಬೇರಿಂಗು ಇರುತ್ತವೆ, ಎಣ್ಣೆ ಹಾಕಿದ ಜಾಗಕ್ಕೆ ಜ್ವಾಲೆ ಹಿಡಿಯುವುದಂತೂ ಕೂಡದು. ಹೇಗೂ ನಟ್ಟನ್ನು ಬಿಸಾಡುವುದೇ ಆದರೆ, ಅದರ ಒಂದು ಪಕ್ಕಕ್ಕೆ ಶಾಫ್ಟಿಗೆ ಸಮಾನಾಂತರವಾಗಿ ಡ್ರಿಲ್ ಮಾಡಿ, ಥ್ರೆಡ್ಡಿಗೆ ತಾಗುವ ಮುನ್ನವೇ ನಿಲ್ಲಿಸಿ, ಉಳಿದ ಗೋಡೆಯನ್ನು ಉಳಿಯಿಂದ ಸೀಳುವುದು ಇನ್ನೂ ಅಚ್ಚುಕಟ್ಟು.

ನಟ್ ಒಮ್ಮೆ ಸಡಿಲವಾದದ್ದು ಗೊತ್ತಾದ ಕೂಡಲೇ ನಿಲ್ಲಿಸಿ, ಕಾರನ್ನೆತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಎರಡು ಸಾಲು ಗುಂಡುಗಳ ಬೇರಿಂಗನ್ನು ಒತ್ತಿ ಹಿಡಿದಿರುವುದು ಈ ನಟ್ಟೇ ಆದ್ದರಿಂದ, ಅದು ಸಡಿಲವಾಗಿರುವಾಗ ಕಾರನ್ನು ಉರುಳಿಸಿದರೆ ಬೇರಿಂಗ್ ಹಾಳಾಗುತ್ತದೆ. ಶಾಫ್ಟ್ ಹಬ್ಬಿನಲ್ಲಿ ಕಚ್ಚಿಕೊಂಡಿದ್ದರೆ ಅದನ್ನು ಬಿಡಿಸುವ ಸಾಧನವಾದ ಪುಲ್ಲರ್ ಬಳಸಬೇಕೇ ಹೊರತು ಸುತ್ತಿಗೆಯಿಂದ ಅದರ ತುದಿಗೆ ನೇರವಾಗಿ ಹೊಡೆಯಬಾರದು.

ಮರಳಿ ಕೂರಿಸುವಾಗ, ಮಡಿಸುವ ಬಗೆಯ ನಟ್ಟಾಗಲಿ ನೈಲಾನ್ ಉಂಗುರದ್ದಾಗಲಿ ಹೊಸದೇ ಬೇಕು. ಸ್ಪ್ಲಿಟ್ ಪಿನ್ನಂತೂ ಪ್ರತಿ ಸಲವೂ ಹೊಸದು. ಥ್ರೆಡ್ಡನ್ನು ಶುಚಿಗೊಳಿಸಿ ಒಣಗಿಸಬೇಕು. ಕೈಪಿಡಿ ಹೇಳದ ಹೊರತು ಅದಕ್ಕೆ ಎಣ್ಣೆ ಸವರುವುದು ಬೇಡ, ಏಕೆಂದರೆ ಘರ್ಷಣೆ ಇಳಿದಾಗ ಟಾರ್ಕ್ ವ್ರೆಂಚ್ (ಬಿಗಿತ ಅಳೆಯುವ ಪಾನಾ) ತೋರಿಸುವ ಅದೇ ಅಂಕಿಗೆ ಶಾಫ್ಟಿನ ಮೇಲೆ ಬೀಳುವ ಎಳೆತ ಏರುತ್ತದೆ. ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುಗಬೇಕು. ಚಕ್ರ ಮೇಲಿರುವಾಗಲೇ, ಬ್ರೇಕ್ ಒತ್ತಿ ಹಿಡಿಸಿ, ಬೇರಿಂಗ್ ಕೂರುವಷ್ಟು ಬಿಗಿದು, ಕೊನೆಯ ಬಿಗಿತವನ್ನು ಕಾರು ನೆಲಕ್ಕಿಳಿದ ಮೇಲೆ ಟಾರ್ಕ್ ವ್ರೆಂಚಿನಿಂದ ಕೊಡಬೇಕು. ವ್ರೆಂಚಿನ ಮಿತಿ 200 ಆಗಿದ್ದು ಬೇಕಾದದ್ದು 300 ಆಗಿದ್ದರೆ ಲೆಕ್ಕ ಸರಳ: ನೆಲಕ್ಕೆ ಸಮಾನಾಂತರವಾದ ಹಿಡಿಕೆಯಲ್ಲಿ ನಟ್ಟಿನ ನಡುವಿನಿಂದ ಅರ್ಧ ಮೀಟರ್ ದೂರಕ್ಕೆ 60 ಕಿಲೋ ತೂಕ ನಿಂತರೆ ಸುಮಾರು 294 ನ್ಯೂಟನ್-ಮೀಟರ್ ಆಗುತ್ತದೆ. ಇಂಪ್ಯಾಕ್ಟ್ ಗನ್ ಬಿಚ್ಚುವುದಕ್ಕೆ ಮಾತ್ರ.

ಬಿಗಿತ ತಲುಪಿದ ಮೇಲೂ ಪಿನ್ನಿನ ರಂಧ್ರ ನಟ್ಟಿನ ಸೀಳಿಗೆ ಎದುರಾಗದಿದ್ದರೆ ನಟ್ಟನ್ನು ಮುಂದಕ್ಕೆ ತಿರುಗಿಸಿ ಹೊಂದಿಸಬೇಕು, ಹಿಂದಕ್ಕಲ್ಲ. ಈ ನಿಯಮ ತಲೆಕೆಳಗಾಗುವುದು ಶಂಕುವಿನಾಕಾರದ ರೋಲರ್ ಬೇರಿಂಗಿನಲ್ಲಿ, ಅಂದರೆ ಎಂಜಿನ್ನಿನ ಬಲ ತಲುಪದ ಚಕ್ರಗಳ ಹಳೆಯ ಹಬ್ಬುಗಳಲ್ಲಿ. ಅಲ್ಲಿ ಚಕ್ರ ತಿರುಗಿಸುತ್ತಲೇ ನಟ್ಟನ್ನು ಹದವಾಗಿ ಬಿಗಿದು ರೋಲರುಗಳನ್ನು ಕೂರಿಸಿ, ಬಳಿಕ ಹಿಂದಕ್ಕೆ ಬಿಚ್ಚಿ, ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯುವಂಥ ಸಣ್ಣ ಸಡಿಲ ಉಳಿಯುವಂತೆ ಹೊಂದಿಸಬೇಕು. 300ರ ಬಿಗಿತವನ್ನು ಅಲ್ಲಿ ಕೊಟ್ಟರೆ ಬೇರಿಂಗ್ ಕಾದು ಬಲುಬೇಗ ಸುಟ್ಟುಹೋಗುತ್ತದೆ. ಕಡೆಯಲ್ಲಿ ಪಿನ್ನಿನ ಕಾಲುಗಳನ್ನು ಬಗ್ಗಿಸಿ, ಅಥವಾ ಹೊಸ ನಟ್ಟಿನ ಕುತ್ತಿಗೆಯನ್ನು ಮೊಂಡು ಪಂಚಿನಿಂದ ಬಿರುಕು ಬಿಡದಂತೆ ತೋಡಿನೊಳಗೆ ಇಳಿಸಿ, ಚಕ್ರದ ನಟ್ಟುಗಳ ಬಿಗಿತವನ್ನೂ ನೋಡಿ, ಮುಚ್ಚಳ ಹಾಕಬೇಕು.