ಮೇಲಿನ ಒಂದು ಗೇಣು

ದೇವಸುಗೂರಿನ ನಮ್ಮ ಮಾಳಿಗೆ ಹತ್ತಿದರೆ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಅಲ್ಲಿ ಉರಿಯುವ ಕಲ್ಲಿದ್ದಲಿನಲ್ಲಿ ಒಂದಷ್ಟು, ನಾನು ದುಡಿದ ಗೋದಾವರಿ ಕಣಿವೆಯ ಗಣಿಗಳಿಂದ ಬರುವಂಥದ್ದು. ಗಣಿ ಎಂದರೆ ನಮ್ಮ ರಾಯಚೂರಿನವರಿಗೆ ಹಟ್ಟಿಯ ಚಿನ್ನ. ನಾನು ಗಣಿಗೆ ಮರಳು ತುಂಬುತ್ತಿದ್ದೆ ಎಂದರೆ ನಗುತ್ತಾರೆ.

“ತೆಗೆಯುವುದು ಸರಿ ಮಾಮಾ, ತುಂಬುವುದೇಕೆ?” ಎಂದು ಅಕ್ಕನ ಮಗ ಕೇಳಿದ. ಒದ್ದೆ ಮರಳನ್ನು ಲೋಟಕ್ಕೆ ಒತ್ತಿ ಅಂಗಳದಲ್ಲಿ ಬೋರಲು ಹಾಕಿ, ಮೇಲೊಂದು ಇಟ್ಟಿಗೆ ಇಟ್ಟೆ. ಪಕ್ಕೆ ಉದುರಿ ಕುಸಿಯಿತು. ಇನ್ನೊಂದನ್ನು ಬಕೆಟಿನೊಳಗೆ ನಿಲ್ಲಿಸಿ, ಸುತ್ತ ಒಣ ಮರಳು ತುಂಬಿ ಇಟ್ಟಿಗೆ ಇಟ್ಟೆ. ನಿಂತಿತು.

ಗಣಿಯ ಛಾವಣಿ ಹೊರಲೆಂದು ತೆಗೆಯದೆ ಬಿಟ್ಟ ಕಲ್ಲಿದ್ದಲಿನ ಕಂಬವೂ ಹಾಗೆಯೇ. ಮೊದಲು ಪಕ್ಕೆಯಿಂದ ಚಕ್ಕೆ ಏಳುತ್ತದೆ; ಕಂಬ ಸಣ್ಣದಾದಂತೆ ಉಳಿದ ಭಾಗದ ಮೇಲೆ ಭಾರ ಏರುತ್ತದೆ. ತುಂಬಿದ ಮರಳು ಛಾವಣಿಯನ್ನೇ ಹೊರುತ್ತದೆ ಎಂದು ಹಲವರು ತಿಳಿದಿದ್ದಾರೆ. ಛಾವಣಿ ಇಳಿದು ಅದನ್ನು ಅದುಮುವವರೆಗೆ ಅದು ಹೊರುವುದು ಅತ್ಯಲ್ಪ. ಕಂಬದ ಪಕ್ಕೆ ಬಿಡದಂತೆ ಹಿಡಿಯುವುದೇ ಅದರ ಕೆಲಸ.

ನೆಲದ ಮೇಲೆ ಮರಳು ಕೂಡಿಡುವ ಬಂಕರಿನಲ್ಲಿ ನದಿಯ ಮರಳಿಗೆ ನೀರು ಬೆರೆಸಿ ಪೈಪಿಗೆ ಬಿಡುತ್ತಿದ್ದೆವು. ಇಳಿಜಾರೇ ಅದನ್ನು ಒಯ್ಯುತ್ತಿತ್ತು. ಮೊದಲು ಬರೀ ನೀರು, ನಂತರ ಮರಳು, ಕೊನೆಗೆ ಪೈಪ್ ತೊಳೆಯಲು ಮತ್ತೆ ನೀರು. ಪೈಪಿಗೆ ಅಂಗೈ ಹಚ್ಚಿದರೆ ಮರಳು ಉಜ್ಜಿಕೊಂಡು ಹೋಗುವ ಅದುರು ತಿಳಿಯುತ್ತಿತ್ತು. ಅದುರು ಮಂದವಾದರೆ ಮರಳು ನಿಲ್ಲಿಸಲು ಮೇಲಕ್ಕೆ ಫೋನ್ ಮಾಡುತ್ತಿದ್ದೆ.

ತುಂಬುವ ಜಾಗದ ಬಾಯಿಗೆ ಮರದ ಆಸರೆ, ಬಿದಿರಿನ ತಟ್ಟಿ, ಗೋಣಿತಟ್ಟಿನ ಅಡ್ಡಗಟ್ಟೆ. ಹೊಸತರಲ್ಲಿ, ಒಂದು ಹಿಡಿ ಮರಳೂ ಸೋರಬಾರದೆಂಬ ಹಟದಲ್ಲಿ ಗೋಣಿಯನ್ನು ಪದರ ಪದರವಾಗಿ ಹೊಡೆಸಿದೆ. ನೀರಿಗೆ ದಾರಿಯಿಲ್ಲದೆ ತಟ್ಟಿ ಉಬ್ಬಿತು; ಬುಡ ಒಡೆದು ಮೊಣಕಾಲುದ್ದ ರಾಡಿ ನುಗ್ಗಿತು. ಪಕ್ಕದ ಓಣಿಯಲ್ಲಿ ನಿಂತಿದ್ದರಿಂದ ಬದುಕಿದೆವು. ತಪ್ಪು ಪೂರ್ತಿ ನನ್ನದು. ಅಂದಿನಿಂದ ಗಟ್ಟೆಗಿಂತ ಮೊದಲು ಅದರಿಂದ ಜಿನುಗುವ ನೀರನ್ನು ನೋಡುತ್ತಿದ್ದೆ. ತುಂಬುತ್ತಿರುವಾಗ ಜಿನುಗು ನಿಂತರೆ ಕೆಲಸವೂ ನಿಲ್ಲಬೇಕು. ನದಿಯ ಮರಳು ಅಪರೂಪವಾಗಿ ಈಗ ವಿದ್ಯುತ್ ಸ್ಥಾವರದ ಬೂದಿ ತುಂಬುವ ಮಾತು ಬಂದಿದೆ. ನುಣ್ಣನೆಯ ಬೂದಿ ನೀರು ಬಿಡಲು ಬಹಳ ಸತಾಯಿಸುತ್ತದೆ.

ಎಲ್ಲಕ್ಕಿಂತ ಕಾಡಿದ್ದು ಛಾವಣಿಯಡಿಯ ಕೊನೆಯ ಗೇಣು. ಪೈಪಿನ ಬಾಯನ್ನು ಅತಿ ಎತ್ತರದ ಮೂಲೆಯಲ್ಲಿ ಇಟ್ಟರೂ, ನೀರು ಬಸಿದ ಮೇಲೆ ಮರಳು ಕುಗ್ಗಿ ಅಲ್ಲಿ ಸಂದು ಬೀಳುತ್ತಿತ್ತು. ಕೋಲು ತೂರಿಸಿ ಅಳೆದು ಮತ್ತೆ ತುಂಬಿಸುತ್ತಿದ್ದೆ. “ಸಾಕು ಬಿಡ್ರಿ” ಎನ್ನುವವರು ಪ್ರತಿ ಪಾಳಿಯಲ್ಲೂ ಇದ್ದರು.

ಹುಡುಗ ಬಕೆಟಿಗೆ ಒಂದು ತಂಬಿಗೆ ನೀರು ಹೊಯ್ದ. ಸುತ್ತಲಿನ ಮರಳು ಎರಡು ಬೆರಳು ಕೆಳಗಿಳಿಯಿತು. ನಾನು ಏನೂ ಹೇಳಲಿಲ್ಲ. ಅವನೇ ಎದ್ದು ಇನ್ನೊಂದು ಬೊಗಸೆ ಮರಳು ತಂದ.