ಮಲ್ಪೆಯ ಶೆಡ್ಡಿನಲ್ಲಿ ಒಂದು ವಿ-8

ಮಲ್ಪೆಯಲ್ಲಿ ಬೋಟಿನ ಡೀಸೆಲ್ ಇಂಜಿನ್ ಬಿಚ್ಚಿ ಕಟ್ಟುವುದು ನನ್ನ ಕಸುಬು. ಎಂಟು ಸಿಲಿಂಡರುಗಳು ನಾಲ್ಕುನಾಲ್ಕರಂತೆ ‘ವಿ’ ಆಕಾರದ ಎರಡು ಸಾಲಿನಲ್ಲಿರುವ ವಿ-8 ಇಂಜಿನ್ನಿಗೆ ಕೈ ಹಾಕಿದವನಲ್ಲ. ಡಿಪ್ಲೊಮಾ ಓದುತ್ತಿದ್ದ ಮಗ ಒಂದು ದಿನ ಕೇಳಿದ: ಕ್ರ್ಯಾಂಕಿನ (ಪಿಸ್ಟನ್ನುಗಳ ಏರಿಳಿತವನ್ನು ತಿರುಗಾಟ ಮಾಡುವ ದಂಡದ) ಪಿನ್ನುಗಳನ್ನು 90 ಡಿಗ್ರಿಗೊಂದರಂತೆ ಇಟ್ಟರೆ ವಿ-8 ಬೆಣ್ಣೆಯ ಹಾಗೆ ತಿರುಗುತ್ತದೆ, ಹಾಗಾದರೆ ರೇಸಿನವರು ಯಾಕೆ 180 ಡಿಗ್ರಿಯ, ಅಂದರೆ ಪಿನ್ನುಗಳೆಲ್ಲ ಒಂದೇ ಸಮತಲದಲ್ಲಿರುವ, ಚಪ್ಪಟೆ ಕ್ರ್ಯಾಂಕ್ ಹಾಕುತ್ತಾರೆ?

ನನ್ನ ಹತ್ತಿರ ಉತ್ತರ ಇರಲಿಲ್ಲ. ಜೂನ್, ಜುಲೈಯ 61 ದಿನ ಟ್ರಾಲಿಂಗಿಗೆ ರಜೆ. ಹಗಲು ಬೋಟುಗಳ ಓವರ್‌ಹಾಲ್, ರಾತ್ರಿ ಈ ಹುಚ್ಚು. ಬ್ರೈಟ್ ಬಾರ್, ಲೇತಿನಲ್ಲಿ ಕೊರೆದ ಅಲ್ಯೂಮಿನಿಯಂ ಬಿಲ್ಲೆ, ನೈಲಾನ್ ಪಿಸ್ಟನ್ ಸೇರಿಸಿ ಕೈಯಲ್ಲಿ ತಿರುಗಿಸುವ ಮಾದರಿ ಕಟ್ಟಿದೆ, ಕ್ರ್ಯಾಂಕ್ ಮಾತ್ರ ಎರಡು ಬಗೆಯದ್ದು. ಯಾವ ಸಿಲಿಂಡರಿನ ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೋ ಅದರ ಎಲ್‌ಇಡಿ ಹೊತ್ತಬೇಕು. ಎಡ ಸಾಲಿಗೆ ಕೆಂಪು, ಬಲಕ್ಕೆ ಹಸಿರು.

ಮೊದಲ ರಾತ್ರಿ ಒಂದೊಂದು ದೀಪವೂ ಎರಡೆರಡು ಸಲ ಹೊತ್ತಿತು. ಇಷ್ಟು ವರ್ಷ ಇಂಜಿನ್ ಕಟ್ಟಿದವನು ವಾಲ್ವ್ ತೆರೆಯುವ ಕ್ಯಾಮಿಗೆ ಕ್ರ್ಯಾಂಕಿನ ಅರ್ಧ ವೇಗ ಕೊಡುವುದನ್ನೇ ಮರೆತಿದ್ದೆ ಮಾರಾಯ್ರೆ! ಮಗ ನಗಲೂ ಇಲ್ಲ, ಅದೇ ಬೇಜಾರು.

ಸರಿಮಾಡಿ 90 ಡಿಗ್ರಿಯ ಕ್ರ್ಯಾಂಕ್ ತಿರುಗಿಸಿದೆ. ಎಂಟೂ ದೀಪಗಳು ಲೆಕ್ಕ ತಪ್ಪದೆ ಬಂದವು. ಆದರೆ ಕೆಂಪನ್ನಷ್ಟೇ ನೋಡಿದರೆ ಅಂತರ 270, 180, 90, 180 ಡಿಗ್ರಿ. ಒಂದು ಕಡೆ ಉದ್ದ ಬಿಡುವು, ಇನ್ನೊಂದು ಕಡೆ ಎರಡು ಬೆನ್ನಿಗೆ ಬೆನ್ನು. ಹೊರಟ ಹೊಗೆ ತನ್ನ ಹಿಂದೆ ಬಿಡುವ ಎಳೆತದಿಂದ ಮುಂದಿನ ಸಿಲಿಂಡರ್ ಖಾಲಿಯಾಗಬೇಕು. ಹೀಗೆ ಏರುಪೇರಾದರೆ ಒಂದು ಇನ್ನೊಂದರ ದಾರಿಗೆ ಅಡ್ಡ. ಸರಿಮಾಡಬೇಕಾದರೆ ಎಡದ ಪೈಪು ಬಲಕ್ಕೆ, ಬಲದ್ದು ಎಡಕ್ಕೆ ದಾಟಬೇಕು. ರೇಸ್ ಇಂಜಿನ್ ಮಾಡುತ್ತಿದ್ದ ಕೊವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯವರ 1.5 ಲೀಟರ್ ವಿ-8ರಲ್ಲಿ ಹಾಗೇ ಪೈಪು ಹೆಣೆದಿದ್ದರು. 1963ರಲ್ಲಿ ಅವರೂ ಚಪ್ಪಟೆ ಕ್ರ್ಯಾಂಕಿಗೆ ಬಂದರು.

ನಮ್ಮ ಮಾದರಿಗೆ ಚಪ್ಪಟೆ ಕ್ರ್ಯಾಂಕ್ ಹಾಕಿದಾಗ ಕೆಂಪು, ಹಸಿರು, ಕೆಂಪು, ಹಸಿರು. ಪ್ರತಿ ಸಾಲಿಗೂ ಸರಿಯಾಗಿ 180, ಪೈಪು ದಾಟಿಸುವ ಕೆಲಸವೇ ಇಲ್ಲ. ಅಂದರೆ ಎರಡು ನಾಲ್ಕು-ಸಿಲಿಂಡರ್ ಇಂಜಿನ್‌ಗಳು ಒಂದೇ ಕ್ರ್ಯಾಂಕಿನ ಮೇಲೆ. ರೇಸ್ ಇಂಜಿನ್ ಕಂಪನಿ ಕಾಸ್‌ವರ್ತ್‌ನ ಕೀತ್ ಡಕ್‌ವರ್ತ್ ಮಾಡಿದ್ದೂ ಅದೇ: ಮೊದಲು 1.6 ಲೀಟರಿನ ನಾಲ್ಕು ಸಿಲಿಂಡರ್ ಎಫ್‌ವಿಎ, ಅದರ ಮೇಲಿಂದ 3 ಲೀಟರಿನ ಡಿಎಫ್‌ವಿ. 1967ರ ಜೂನ್ 4ರಂದು ನೆದರ್ಲೆಂಡ್ಸಿನ ಜಾಂಡ್‌ವೂರ್ಟ್‌ನಲ್ಲಿ ಅದರ ಮೊದಲ ರೇಸಿಗೇ ಜಿಮ್ ಕ್ಲಾರ್ಕ್ ಗೆದ್ದರು. 1983ರ ಹೊತ್ತಿಗೆ ಆ ಇಂಜಿನ್ 155 ಗ್ರ್ಯಾನ್ ಪ್ರಿ (ಫಾರ್ಮುಲಾ 1 ರೇಸು) ಗೆದ್ದಿತ್ತು. ಅದೇ ಮೊದಲ ದಿನ ಅದೇ ಇಂಜಿನ್ನಿನಲ್ಲಿ ಮುಂಚೂಣಿಯಿಂದ ಹೊರಟ ಗ್ರಹಾಂ ಹಿಲ್ ಅವರ ಕಾರು ನಿಂತದ್ದು ಕ್ಯಾಮಿನ ಗಿಯರ್ ಹಲ್ಲು ಮುರಿದು, ಅದು ಬೇರೆಯೇ ರೋಗ.

ಚಪ್ಪಟೆ ಕ್ರ್ಯಾಂಕಿನ ಸ್ವಂತ ರೋಗ ನಮಗೆ ಕಂಡದ್ದು ಮಾದರಿಯನ್ನು ಕೈಯ ಬದಲು ಡ್ರಿಲ್ ಜೋಡಿಸಿ ತಿರುಗಿಸಿದಾಗ. ಮೇಲೆ ಕೆಳಗೆ ಕುಣಿಯಬಹುದು ಅಂದುಕೊಂಡಿದ್ದೆ. ಇಲ್ಲ, 90 ಡಿಗ್ರಿಯ ವಿಯಲ್ಲಿ ಎರಡು ಸಾಲುಗಳ ಮೇಲೆ-ಕೆಳಗಿನ ನಡುಕ ಒಂದನ್ನೊಂದು ಕೊಲ್ಲುತ್ತದೆ, ಅಡ್ಡದ್ದು ಕೂಡಿಕೊಳ್ಳುತ್ತದೆ. ಬೆಂಚು ಎಡಬಲ ಅದುರಿ ಚಾದ ಗ್ಲಾಸು ಅಂಚಿನವರೆಗೆ ನಡೆಯಿತು. ಮಗ ಹಿಡಿದ.

ಆಗಸ್ಟ್ 1ಕ್ಕೆ ಬೋಟುಗಳು ಹೊರಟವು. ಮಾದರಿ ಶೆಡ್ಡಿನ ಮೂಲೆಯಲ್ಲೇ ಉಂಟು, ಬೆಂಚಿಗೆ ನಾಲ್ಕು ಬೋಲ್ಟ್ ಹಾಕಿ ಬಿಗಿದಿಟ್ಟಿದ್ದೇನೆ.