ದೀಪದ ಕೆಳಗಿನ ಆಲೂಗಡ್ಡೆ: ವ್ಯಾನ್ ಗೋ ಚಿತ್ರವನ್ನು ನಕಲು ಮಾಡಿ ಕಲಿಯುವ ಬಗೆ

ವ್ಯಾನ್ ಗೋ 1885ರಲ್ಲಿ ನೆದರ್ಲೆಂಡ್ಸ್‌ನ ನ್ಯೂನೆನ್ ಹಳ್ಳಿಯಲ್ಲಿ ಬರೆದ ‘ಆಲೂಗಡ್ಡೆ ತಿನ್ನುವವರು’ ಚಿತ್ರದ ಅಳತೆ 82 × 114 ಸೆಂ.ಮೀ. ಅಭ್ಯಾಸಕ್ಕೆ ಅದರ ಅರ್ಧ, 41 × 57 ಸಾಕು. ಇನ್ನೂ ಚಿಕ್ಕದಾದರೆ ಮುಖಗಳಲ್ಲಿ ಕುಂಚ ಆಡಲು ಜಾಗವಿರುವುದಿಲ್ಲ. ಮಾದರಿಗೆ ತೈಲಚಿತ್ರದ ಒಳ್ಳೆಯ ಮುದ್ರಿತ ಪ್ರತಿ ಇಟ್ಟುಕೊಳ್ಳಿ. ಇದೇ ಚಿತ್ರಕ್ಕೆ ಅವನೇ ಮಾಡಿದ ಕಲ್ಲಚ್ಚಿನಲ್ಲಿ (ಕಲ್ಲಿನ ಮೇಲೆ ಬರೆದು ತೆಗೆದ ಮುದ್ರಣ, ಲಿಥೋಗ್ರಾಫ್) ಎಡಬಲ ತಿರುಗಿದೆ. ಮೊಬೈಲ್ ಪರದೆಯಂತೂ ಕತ್ತಲನ್ನೇ ಬೆಳಗಿಸಿಬಿಡುತ್ತದೆ.

ತೈಲಬಣ್ಣ ಐದೇ: ಯೆಲ್ಲೋ ಓಕರ್ (ಮಣ್ಣುಹಳದಿ), ಲೈಟ್ ರೆಡ್ (ಇಟ್ಟಿಗೆಗೆಂಪು), ಬರ್ನ್ಟ್ ಅಂಬರ್ (ಗಾಢ ಕಂದು), ಪ್ರಷ್ಯನ್ ಬ್ಲೂ (ಕಡುನೀಲಿ), ಟೈಟಾನಿಯಂ ವೈಟ್. ಕಪ್ಪು ಟ್ಯೂಬ್ ಮುಟ್ಟಬೇಡಿ. ಬೇಕಾದ ಕತ್ತಲು ಅಂಬರ್ ಮತ್ತು ನೀಲಿ ಬೆರೆತರೆ ಸಿಗುತ್ತದೆ, ಅದರಲ್ಲಿ ಜೀವವೂ ಇರುತ್ತದೆ.

ಬಿಳಿ ಕ್ಯಾನ್ವಾಸಿನ ಮೇಲೆ ನೇರ ಶುರುಮಾಡಿದರೆ ಎಲ್ಲವೂ ಕಪ್ಪಾಗಿ ಕಂಡು, ಕೈ ತಾನಾಗಿ ಬಣ್ಣ ತಿಳಿ ಮಾಡುತ್ತದೆ. ಹಾಗಾಗಿ ಮೊದಲು ಅಂಬರನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಪೂರ್ತಿ ಬಳಿದು, ಬಟ್ಟೆಯಿಂದ ಒರೆಸಿ. ಮಾರನೇ ದಿನ ಅದೇ ಬಣ್ಣದಲ್ಲಿ ತೂಗುದೀಪ, ಮೇಜು, ಐದು ಆಕೃತಿಗಳ ಗುಪ್ಪೆ ಗುರುತಿಸಿ. ತೋಳುಗಳ ಅಳತೆ ತಪ್ಪಿದೆ ಎನಿಸುತ್ತದೆ. ವ್ಯಾನ್ ಗೋನ ಗೆಳೆಯ, ಚಿತ್ರಕಾರ ವ್ಯಾನ್ ರಾಪರ್ಡ್ ಕೂಡ ಕಲ್ಲಚ್ಚು ನೋಡಿ ಆಕೃತಿಗಳನ್ನು ಹೀಗೇ ಜರೆದಿದ್ದ. ತಿದ್ದಲು ಹೋಗಬೇಡಿ, ಗಂಟುಗಂಟಾದ ಆ ಕೈಗಳನ್ನು ನಯಮಾಡಿದರೆ ಚಿತ್ರವೇ ಸತ್ತಂತೆ.

ಹೆಚ್ಚಿನವರು ಸೋಲುವುದು ಮೈಬಣ್ಣದಲ್ಲಿ. ಓಕರ್, ಕೆಂಪು, ಬಿಳಿ ಬೆರೆಸಿದ ಗುಲಾಬಿ ಮುಖ ದೀಪದಡಿ ಕೂತ ರೈತನದಾಗುವುದಿಲ್ಲ. ವ್ಯಾನ್ ಗೋ ಮೊದಲು ಮಾಡಿದ್ದೂ ಅದೇ ತಪ್ಪು; ಆಮೇಲೆ ಅದರ ಮೇಲೆಯೇ ಸಿಪ್ಪೆ ಸುಲಿಯದ, ಧೂಳು ಹಿಡಿದ ಆಲೂಗಡ್ಡೆಯ ಬಣ್ಣ ಹಚ್ಚಿದ. ಓಕರ್ ನಾಲ್ಕು ಪಾಲು, ಲೈಟ್ ರೆಡ್ ಎರಡು, ಅಂಬರ್ ಒಂದು ಕಲಸಿ, ಪ್ರಷ್ಯನ್ ಬ್ಲೂವನ್ನು ಗುಂಡುಪಿನ್ನಿನ ತಲೆಯಷ್ಟು ಸೇರಿಸಿ ನೋಡಿ. ಈ ನೀಲಿ ಪೂರಾ ರಾಕ್ಷಸ, ಒಂದು ಚುಕ್ಕೆ ಹೆಚ್ಚಾದರೂ ಮಿಶ್ರಣ ಪಾಚಿಹಸಿರು. ಆದರೆ ಕೆಂಪು ಸೇರಿಸಿ ಎಳೆದು ತರಬಹುದು. ಬೆಳಕಿನ ಕಡೆಗೆ ಓಕರ್ ಹೆಚ್ಚಿಸಿ. ಬಿಳಿ ಸುರಿದರೆ ಮುಖ ಸುಣ್ಣ ಬಳಿದ ಗೋಡೆ.

ಹೆಂಗಸರ ಬಿಳಿ ಟೋಪಿ, ಕಾಫಿ ಬಟ್ಟಲು, ಆಲೂಗಡ್ಡೆಯ ಹಬೆ, ಈ ಮೂರೂ ಟ್ಯೂಬಿನ ಬಿಳಿಯಲ್ಲ. ಬಿಳಿಗೆ ಮೈಬಣ್ಣದ ಆ ಮಿಶ್ರಣವನ್ನೇ ಬೆರೆಸಿ ಬೂದು ಮಾಡಿಕೊಳ್ಳಿ. ಸುತ್ತ ಕತ್ತಲಿರುವುದರಿಂದ ಅದೇ ಬಿಳಿಯಾಗಿ ಕಾಣುತ್ತದೆ. ನಮಗೆ ಬೆನ್ನು ಹಾಕಿ ನಿಂತ ಹುಡುಗಿಯನ್ನು ಒಂದೇ ಕಪ್ಪು ಆಕೃತಿಯಾಗಿ ಬಿಡಿ. ಅವಳ ಅಂಚು ಹಬೆಗೆ ತಾಗುವಲ್ಲಿ ಒಣ ಬ್ರಷ್ಷಿನಿಂದ ಆ ಬೂದನ್ನು ಸವರಿ, ಗೆರೆ ಎಳೆಯಬೇಡಿ.

ಮೇಲಿನ ಪದರಗಳಿಗೆ ಅಗಸೆ ಎಣ್ಣೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋಗಿ. ಎಣ್ಣೆ ಹೆಚ್ಚಿರುವ ಪದರದ ಮೇಲೆ ಎಣ್ಣೆ ಕಡಿಮೆಯಿರುವ ಪದರ ಬಿದ್ದರೆ ಮೇಲಿನದು ಮೊದಲು ಒಣಗಿ ಬಿರುಕು ಬಿಡುತ್ತದೆ. ಒಣಗಿದ ಮೇಲೆ ಅಂಬರ್ ಹಚ್ಚಿದ ಕಡೆ ಮಂಕು ಕಲೆ ಕಂಡರೆ ಎಣ್ಣೆ ಕೆಳಗೆ ಇಳಿದಿದೆ ಎಂದರ್ಥ: ಎಣ್ಣೆ, ಟರ್ಪೆಂಟೈನ್ ಸಮ ಬೆರೆಸಿ ತೆಳುವಾಗಿ ಉಜ್ಜಿ, ಉಳಿದದ್ದನ್ನು ಒರೆಸಿಬಿಡಿ.

ಚೌಕಟ್ಟು ಚಿನ್ನದ ಬಣ್ಣದ್ದಿರಲಿ, ಇಲ್ಲವೇ ಮಾಗಿದ ಗೋಧಿಯ ಬಣ್ಣದ ಗೋಡೆಗೆ ತೂಗುಹಾಕಿ. ತಮ್ಮ ಥಿಯೋಗೆ ವ್ಯಾನ್ ಗೋ ಬರೆದ ಸೂಚನೆಯೂ ಇದೇ. ಮಂಕು ಗೋಡೆಯ ಮೇಲೆ ಈ ಕತ್ತಲೆಲ್ಲ ಕೆಸರಾಗಿಬಿಡುತ್ತದೆ.